ಸಮಾರಂಭಕ್ಕೆ ಹೋಟೆಲ್ ಗೊತ್ತು ಮಾಡುವ ಮುನ್ನ

ಮಗುವಿನ ನಾಮಕರಣ, ಮಗಳ ಸೀಮಂತ, ಅಪ್ಪನ ಷಷ್ಟ್ಯಬ್ದಿ, ಅಮ್ಮನ ನಿವೃತ್ತಿ, ಅಜ್ಜ ಅಜ್ಜಿಯ ಮದುವೆಯ ಸುವರ್ಣೋತ್ಸವ. ಹಿಂದೆ ಮನೆಯ ಮಹಡಿ ಮೇಲೆ ಶಾಮಿಯಾನ ಹಾಕಿ ಮುಗಿಸುತ್ತಿದ್ದ ಇಂಥ ಸಮಾರಂಭಗಳು ಬೆಂಗಳೂರಿನಲ್ಲಿ ಈಗ ಹೋಟೆಲುಗಳ ಪಾರ್ಟಿ ಹಾಲ್‌ಗೆ ಬಂದಿವೆ. ಬರಲೇಬೇಕಾಗಿತ್ತು. ಬಾಡಿಗೆ ಮನೆಯಲ್ಲಿ ಅಷ್ಟು ಜಾಗವಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಒಲೆ ಹೂಡಲು ಬಿಡುವುದಿಲ್ಲ. ಐವತ್ತು ಅರವತ್ತು ಜನಕ್ಕೆ ಕಲ್ಯಾಣ ಮಂಟಪ ಹಿಡಿದರೆ ಜಾಗ ಬಿಕೋ ಎನ್ನುತ್ತದೆ, ಬಾಡಿಗೆ ಮಾತ್ರ ಪೂರ್ತಿ ದಿನದ್ದು. ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು, ಕಸ ಎತ್ತುವುದು ಎಲ್ಲವನ್ನೂ ಒಬ್ಬರೇ ವಹಿಸಿಕೊಳ್ಳುವ ಹೋಟೆಲು ಮನೆಯವರ ತಲೆಯಿಂದ ದೊಡ್ಡ ಹೊರೆ ಇಳಿಸುತ್ತದೆ.

ತೊಡಕು ಇರುವುದು ಆರಿಸುವ ಕ್ರಮದಲ್ಲಿ. ಹೆಚ್ಚಿನವರು ಮೊದಲು ಮೊಬೈಲಿನಲ್ಲಿ ಫೋಟೊ ನೋಡುತ್ತಾರೆ, ಆಮೇಲೆ ಮೆನು, ಆಮೇಲೆ ಪ್ಲೇಟಿನ ದರ. ಅಡ್ವಾನ್ಸ್ ಕೊಟ್ಟಾದ ಮೇಲೆ ದೊಡ್ಡಮ್ಮನ ಮಂಡಿನೋವು ನೆನಪಾಗುತ್ತದೆ. ಹಾಲ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಈ ಕ್ರಮವನ್ನು ತಿರುಗಿಸಬೇಕು. ಬರುವವರು ಯಾರು ಎಂಬುದರಿಂದ ಶುರುಮಾಡಿದರೆ ಎಂಥ ಜಾಗ, ಎಂಥ ಊಟ, ಎಷ್ಟು ಖರ್ಚು ಎಂಬ ಮೂರೂ ಪ್ರಶ್ನೆಗಳಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧ ಸಿಗುವುದು ಅಡ್ವಾನ್ಸ್ ಕೊಡುವ ಮುನ್ನ ನೀವು ಕೇಳುವ ಪ್ರಶ್ನೆಗಳಲ್ಲಿ.

ಮೊದಲು ಪಟ್ಟಿ, ಆಮೇಲೆ ಜಾಗ

ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. "ಸುಮಾರು ಅರವತ್ತು ಜನ" ಎಂಬ ಅಂದಾಜು ಸಾಲದು. ಪ್ರತಿ ಮನೆಯಿಂದ ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ಎಪ್ಪತ್ತು ದಾಟಿದವರೆಷ್ಟು, ಊರಿಂದ ಬರುವವರೆಷ್ಟು ಎಂದು ಬೇರೆ ಬೇರೆ ಗುರುತು ಹಾಕಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಸಕ್ಕರೆ ಕಾಯಿಲೆಯವರು, ಗಾಲಿ ಕುರ್ಚಿ ಬಳಸುವವರು, ಕಡಲೆಬೀಜ, ಗೋಡಂಬಿ ಒಗ್ಗದವರು, ಎಳೆಗೂಸು ಇರುವ ತಾಯಂದಿರು, ಎಲ್ಲರ ಮುಂದೆಯೂ ಒಂದೊಂದು ಗುರುತಿರಲಿ.

ಈ ಪಟ್ಟಿ ಮುಂದೆ ಇಟ್ಟುಕೊಂಡು ನೋಡಿದರೆ ಅರ್ಧ ಹೋಟೆಲುಗಳು ತಾವಾಗಿ ಬಿಟ್ಟುಹೋಗುತ್ತವೆ. ಹತ್ತು ಮಂದಿ ಹಿರಿಯರಿದ್ದರೆ ಮೆಟ್ಟಿಲು ಹತ್ತುವ ಜಾಗ ಬೇಡ. ಮಕ್ಕಳೇ ಹೆಚ್ಚಿದ್ದರೆ ತೆರೆದ ಬಾಲ್ಕನಿಯ ಮಹಡಿ ಬೇಡ. ಎಳೆಗೂಸುಗಳಿದ್ದರೆ ಹಾಲುಣಿಸಲು, ಬಟ್ಟೆ ಬದಲಿಸಲು ಒಂದು ಮುಚ್ಚಿದ ಕೋಣೆ ಬೇಕು. ದೂರದೂರುಗಳಿಂದ ಬಸ್ಸು ರೈಲಿನಲ್ಲಿ ಬರುವವರಿದ್ದರೆ ಮೆಜೆಸ್ಟಿಕ್‌ನಿಂದ ಸುಲಭವಾಗಿ ತಲುಪುವಂತಿರಬೇಕು.

ಯಾವ ಬಗೆಯ ಬುಕಿಂಗ್ ಬೇಕು?

ಹೋಟೆಲಿನಲ್ಲಿ ಸಮಾರಂಭ ಎಂದರೆ ಮೂರು ಬಗೆ. ಇಪ್ಪತ್ತು ಇಪ್ಪತ್ತೈದು ಜನರ ಕೂಟವಾದರೆ ಸಾಮಾನ್ಯ ಊಟದ ಹಾಲ್‌ನಲ್ಲೇ ನಾಲ್ಕೈದು ಟೇಬಲ್ ಸೇರಿಸಿ ಕಾಯ್ದಿರಿಸಬಹುದು. ಇದು ಅಗ್ಗ; ಆದರೆ ಭಾಷಣ, ಹಾಡು, ಆರತಿ ಯಾವುದಕ್ಕೂ ಅಲ್ಲಿ ಎಡೆ ಇಲ್ಲ. ಮೂವತ್ತರಿಂದ ನೂರರವರೆಗೆ ಪ್ರತ್ಯೇಕ ಪಾರ್ಟಿ ಹಾಲ್ ಸರಿಯಾದ ಆಯ್ಕೆ. ಮೂರನೆಯದು ಇಡೀ ಹೋಟೆಲನ್ನೇ ಕೆಲವು ಗಂಟೆಗೆ ಹಿಡಿಯುವುದು. ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್‌ನಂಥ ಕಡೆ ಇದಕ್ಕೆ "ಕನಿಷ್ಠ ಇಷ್ಟು ಬಿಲ್ ಆಗಲೇಬೇಕು" ಎಂಬ ಷರತ್ತು ಸಾಮಾನ್ಯ. ಶನಿವಾರ ರಾತ್ರಿಯ ಷರತ್ತಿಗೂ ಮಂಗಳವಾರ ಮಧ್ಯಾಹ್ನದ ಷರತ್ತಿಗೂ ದೊಡ್ಡ ಅಂತರವಿರುತ್ತದೆ. ಜನ ನೂರೈವತ್ತು ದಾಟಿದರೆ ಹೋಟೆಲಿನ ಆಸೆ ಬಿಟ್ಟು ಛತ್ರವನ್ನೇ ನೋಡುವುದು ಒಳ್ಳೆಯದು.

ಹಾಲ್ ಎಷ್ಟು ಜನಕ್ಕೆ ಸಾಲುತ್ತದೆ ಎಂದು ಕೇಳಿದಾಗ ಮ್ಯಾನೇಜರ್ ಹೇಳುವ ಅಂಕಿ ಬಹಳ ಸಲ ನಿಂತು ತಿನ್ನುವವರ ಲೆಕ್ಕ. ಮೇಜಿನ ಮುಂದೆ ಕುಳಿತು ಉಣ್ಣಲು ತಲೆಗೆ ಸುಮಾರು 12ರಿಂದ 15 ಚದರಡಿ ಬೇಕು. ಅರವತ್ತು ಜನಕ್ಕೆ ಹತ್ತಿರಹತ್ತಿರ 900 ಚದರಡಿ. ಬಫೆ ಮೇಜು, ವೇದಿಕೆ, ತೊಟ್ಟಿಲು, ಉಡುಗೊರೆ ಮೇಜು ಇವಕ್ಕೆಲ್ಲ ಇದರ ಮೇಲೆ ಜಾಗ ಬೇಕು. "ಕೂತು ಊಟ ಮಾಡಲು ಎಷ್ಟು ಜನಕ್ಕೆ?" ಎಂದೇ ಕೇಳಿ.

ನಾಮಕರಣ, ಷಷ್ಟ್ಯಬ್ದಿಯಂಥ ಶಾಸ್ತ್ರಗಳಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: ಹೋಮಕ್ಕೆ ಒಪ್ಪಿಗೆ ಇದೆಯೇ? ಹವಾನಿಯಂತ್ರಿತ ಹಾಲ್‌ಗಳಲ್ಲಿ ಹೊಗೆ ಪತ್ತೆಯಂತ್ರ ಇರುವುದರಿಂದ ಹೋಮಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಅಥವಾ ಮಠ, ದೇವಸ್ಥಾನದಲ್ಲಿ ಶಾಸ್ತ್ರ ಮುಗಿಸಿ, ಮಧ್ಯಾಹ್ನದ ಊಟ, ಆರತಿ, ಉಡುಗೊರೆಗೆ ಮಾತ್ರ ಹೋಟೆಲಿಗೆ ಬರುವುದು ಎಲ್ಲರಿಗೂ ಸಲೀಸು.

ದಿನ, ತಿಂಗಳು, ಹೊತ್ತು

ಬೆಂಗಳೂರಿನ ಪಾರ್ಟಿ ಹಾಲ್‌ಗಳ ದರ ಪಂಚಾಂಗ ನೋಡಿಕೊಂಡೇ ಏರಿಳಿಯುತ್ತದೆ. ಮದುವೆ ಮುಹೂರ್ತಗಳು ಸಾಲಾಗಿ ಬರುವ ತಿಂಗಳುಗಳಲ್ಲಿ ನಿಶ್ಚಿತಾರ್ಥ, ಬೀಗರೂಟಗಳಿಗೇ ಹಾಲ್‌ಗಳು ತುಂಬಿರುತ್ತವೆ. ಆಷಾಢ ಮತ್ತು ಪಿತೃಪಕ್ಷದಲ್ಲಿ ಶುಭಕಾರ್ಯ ಇಡುವವರು ಕಡಿಮೆ, ಹಾಗಾಗಿ ಹಾಲ್ ಖಾಲಿ. ಹುಟ್ಟುಹಬ್ಬ, ನಿವೃತ್ತಿ, ಹಳೆಯ ಗೆಳೆಯರ ಕೂಟದಂಥ ಶಾಸ್ತ್ರವಿಲ್ಲದ ಸಂಭ್ರಮಕ್ಕೆ ಇದು ಚೌಕಾಸಿ ಮಾಡುವ ಕಾಲ. ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಆದರೆ ಡಿಸೆಂಬರ್ ಕೊನೆಯ ವಾರಗಳಲ್ಲಿ ಕಂಪನಿಗಳ ವರ್ಷಾಂತ್ಯದ ಪಾರ್ಟಿಗಳು ಬರುವುದರಿಂದ ರಿಯಾಯಿತಿ ಸಿಗುವುದು ಕಷ್ಟ. ದಿನ ಗೊತ್ತು ಮಾಡುವಾಗ ಏಕಾದಶಿ, ಸಂಕಷ್ಟಿ ನೋಡಿಕೊಳ್ಳಿ. ಅನ್ನ ಮುಟ್ಟದ ಹಿರಿಯರನ್ನು ಊಟಕ್ಕೆ ಕರೆದು ಹಣ್ಣು ಕೊಟ್ಟು ಕಳಿಸುವುದು ಯಾರಿಗೂ ಸಮಾಧಾನ ತರುವುದಿಲ್ಲ.

ತಾರಸಿಯ ಹೋಟೆಲು ಚೆಂದ ಎಂದು ಮನಸ್ಸಾಗಿದ್ದರೆ ತಿಂಗಳು ನೋಡಿ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಸಹಿತ ಮಳೆ ಹಠಾತ್ತನೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿಗೆ ಹೆಚ್ಚು ಮಳೆಯಾಗುವ ತಿಂಗಳುಗಳು. ಮಳೆ ಬಂದರೆ ಅದೇ ಕಟ್ಟಡದಲ್ಲಿ ಅಷ್ಟೂ ಜನಕ್ಕೆ ಸೂರಿನಡಿ ಜಾಗ ಮೀಸಲಿದೆಯೇ ಎಂದು ಕೇಳದೆ ತಾರಸಿ ಹಿಡಿಯಬೇಡಿ.

ಹೊತ್ತಿನ ವಿಷಯದಲ್ಲಿ ನನ್ನ ಮತ ಭಾನುವಾರ ಮಧ್ಯಾಹ್ನಕ್ಕೆ. ರಸ್ತೆ ತೆರವಾಗಿರುತ್ತದೆ, ಹಿರಿಯರು ಕತ್ತಲಾಗುವ ಮೊದಲು ಮನೆ ಸೇರುತ್ತಾರೆ, ಮಕ್ಕಳಿಗೆ ನಿದ್ದೆ ಕೆಡುವುದಿಲ್ಲ. ಹಾಲ್ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನಿಮ್ಮದು ಎಂಬುದನ್ನು ಮಾತ್ರ ಸ್ಪಷ್ಟ ಮಾಡಿಕೊಳ್ಳಿ. 12ರಿಂದ 3.30 ಎಂದರೆ ಅಲಂಕಾರದವರು 10.30ಕ್ಕೇ ಒಳಗೆ ಹೋಗಬಹುದೇ? ಸಂಜೆ ಅದೇ ಹಾಲ್‌ನಲ್ಲಿ ಬೇರೆ ಪಾರ್ಟಿ ಇದೆಯೇ? ಅರ್ಧ ಗಂಟೆ ಹೆಚ್ಚಾದರೆ ಎಷ್ಟು ಕಟ್ಟಬೇಕು?

ಜಾಗ ಎಲ್ಲಿರಬೇಕು?

ನಿಮ್ಮ ಮನೆಗೆ ಹತ್ತಿರವಿರುವ ಜಾಗ ಅತಿಥಿಗಳಿಗೆ ದೂರವಾಗಬಹುದು. ಪಟ್ಟಿಯಲ್ಲಿರುವವರು ಯಾವ ಯಾವ ಬಡಾವಣೆಯಿಂದ ಬರುತ್ತಾರೆ ಎಂದು ನೋಡಿ. ರಾಜಾಜಿನಗರ, ಜೆ.ಪಿ. ನಗರ, ವೈಟ್‌ಫೀಲ್ಡ್ ಮೂರೂ ಕಡೆಯಿಂದ ಬರುವವರಿದ್ದರೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಜಾಗ ಹುಡುಕಿ. ಹಸಿರು ಮತ್ತು ನೇರಳೆ ಮಾರ್ಗ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ; 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಕೂಡಿಕೊಂಡು ಬೊಮ್ಮಸಂದ್ರದವರೆಗೆ ಹೋಗುತ್ತದೆ. ನ್ಯಾಷನಲ್ ಕಾಲೇಜು, ಜಯನಗರ, ಸಂಪಿಗೆ ರಸ್ತೆ, ಎಂ.ಜಿ. ರಸ್ತೆ ನಿಲ್ದಾಣಗಳ ಸುತ್ತ ಊಟದ ಜಾಗಗಳಿಗೆ ಕೊರತೆಯಿಲ್ಲ.

ಪಾರ್ಕಿಂಗ್ ಬಗ್ಗೆ "ಇದೆ ಸಾರ್" ಎಂಬ ಉತ್ತರಕ್ಕೆ ನಿಲ್ಲಬೇಡಿ. ಎಷ್ಟು ಕಾರು? ಆ ಜಾಗ ಹೋಟೆಲಿನದೋ ರಸ್ತೆ ಬದಿಯದೋ? ವ್ಯಾಲೆ ಪಾರ್ಕಿಂಗ್ ಇದ್ದರೆ ಗಾಡಿಗೆ ಪೆಟ್ಟಾದರೆ ಹೊಣೆ ಯಾರದು? ಅದೇ ಕಟ್ಟಡದಲ್ಲಿ ಬೇರೆ ಅಂಗಡಿಗಳಿದ್ದರೆ ಭಾನುವಾರ ಆ ಜಾಗ ಯಾರಿಗೆ ಸೇರುತ್ತದೆ? ಹಿರಿಯರನ್ನು ಇಳಿಸಲು ಬಾಗಿಲ ಮುಂದೆ ಎರಡು ನಿಮಿಷ ಗಾಡಿ ನಿಲ್ಲಿಸುವಷ್ಟು ಜಾಗವಾದರೂ ಇರಲೇಬೇಕು.

ಅದೇ ವಾರ, ಅದೇ ಹೊತ್ತಿಗೆ ಹೋಗಿ ನೋಡಿ

ಸಮಾರಂಭ ಭಾನುವಾರ ಮಧ್ಯಾಹ್ನವಿದ್ದರೆ ಹಿಂದಿನ ಯಾವುದಾದರೂ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಊಟ ಮಾಡಿ. ಬುಧವಾರ ಮೂರು ಗಂಟೆಗೆ ಎಲ್ಲ ಹೋಟೆಲೂ ಶಾಂತವಾಗಿಯೇ ಇರುತ್ತದೆ. ಒತ್ತಡದ ಹೊತ್ತಿನಲ್ಲಿ ಅಡುಗೆಮನೆ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಬೇಕಾದ ಮಾಹಿತಿ. ಖಾಲಿಯಾದ ಸಾಂಬಾರಿನ ಪಾತ್ರೆ ತುಂಬಲು ಎಷ್ಟು ಹೊತ್ತು ಹಿಡಿಯಿತು, ಎದ್ದ ಟೇಬಲ್ ಒರೆಸಲು ತಂದ ಬಟ್ಟೆ ಯಾವ ಬಣ್ಣಕ್ಕೆ ತಿರುಗಿದೆ, ಬಡಿಸುವವರು ಕೇಳಿದ್ದಕ್ಕೆ ಮುಖ ಎತ್ತಿ ಉತ್ತರ ಕೊಡುತ್ತಾರೆಯೇ, ಇವನ್ನು ಗಮನಿಸಿ.

ಆಮೇಲೆ ಬಾಗಿಲಿನಿಂದ ಹಾಲ್‌ವರೆಗೆ ನಿಮ್ಮ ಮನೆಯ ಅತಿ ಹಿರಿಯರ ನಡಿಗೆಯಲ್ಲಿ ನಡೆಯಿರಿ. ರಸ್ತೆಯಿಂದ ಒಳಗೆ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ, ಲಿಫ್ಟಿನಲ್ಲಿ ಗಾಲಿ ಕುರ್ಚಿ ಹಿಡಿಸುತ್ತದೆಯೇ, ವಿದ್ಯುತ್ ಹೋದರೆ ಲಿಫ್ಟಿಗೂ ಜನರೇಟರ್ ಇದೆಯೇ? ಇಳಿಜಾರು ಇದೆ ಎಂದರೆ ಅದರ ಉದ್ದ ನೋಡಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇದ್ದರಷ್ಟೇ ಗಾಲಿ ಕುರ್ಚಿ ಸುರಕ್ಷಿತವಾಗಿ ಏರುತ್ತದೆ. ಶೌಚಾಲಯ ಹಾಲ್ ಇರುವ ಮಹಡಿಯಲ್ಲೇ ಇರಬೇಕು, ಕಮೋಡ್ ಇರಬೇಕು, ನೆಲ ಒದ್ದೆಯಾಗಿದ್ದರೂ ಜಾರಬಾರದು. ಕೈತೊಳೆಯುವ ಜಾಗದಲ್ಲಿ ಎಷ್ಟು ನಲ್ಲಿ? ಬಾಳೆ ಎಲೆ ಊಟ ಮುಗಿಸಿ ಅರವತ್ತು ಜನ ಒಟ್ಟಿಗೆ ಎದ್ದಾಗ ಎರಡು ನಲ್ಲಿ ಏನೇನೂ ಸಾಲುವುದಿಲ್ಲ.

ಕುಳಿತು ಒಂದು ಪ್ರಯೋಗ ಮಾಡಿ. ಹಾಲ್‌ನ ಈ ತುದಿಯಿಂದ ಆ ತುದಿಗೆ ಸಾಧಾರಣ ದನಿಯಲ್ಲಿ ಮಾತಾಡಿ. ಗಾಜಿನ ಗೋಡೆ, ಟೈಲ್ಸ್ ನೆಲದ ಹಾಲ್‌ಗಳಲ್ಲಿ ಐವತ್ತು ಜನ ಸೇರಿದರೆ ದನಿ ದನಿಗೆ ತಾಗಿ ಗದ್ದಲವಾಗುತ್ತದೆ. ಕಿವಿಯಂತ್ರ ಹಾಕಿಕೊಂಡ ಹಿರಿಯರಿಗೆ ಅಲ್ಲಿ ಒಂದು ಮಾತೂ ಕೇಳಿಸುವುದಿಲ್ಲ. ಪಕ್ಕದ ಹಾಲ್‌ಗೂ ನಿಮ್ಮ ಹಾಲ್‌ಗೂ ನಡುವೆ ಇರುವುದು ಗೋಡೆಯೋ ಮಡಚುವ ತೆಳು ತಡಿಕೆಯೋ ಎಂದೂ ನೋಡಿ.

ಎಲೆಯೋ ಬಫೆಯೋ?

ಊಟದ ಆಯ್ಕೆಯಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ಬಡಿಸುವ ರೀತಿ. ಹಿರಿಯರು ಹೆಚ್ಚಿರುವ ಕಾರ್ಯಕ್ರಮಕ್ಕೆ ಪಂಕ್ತಿ ಊಟವೇ ಮೇಲು. ಕೂತಲ್ಲಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯದಿಂದ ಹಿಡಿದು ಮಜ್ಜಿಗೆವರೆಗೆ ಎಲ್ಲ ಬರುತ್ತದೆ, ತಟ್ಟೆ ಹಿಡಿದು ನಿಲ್ಲುವ ಕಷ್ಟವಿಲ್ಲ. ಆದರೆ ಪಂಕ್ತಿಯ ಸುಖ ಬಡಿಸುವವರ ಸಂಖ್ಯೆಯ ಮೇಲೆ ನಿಂತಿದೆ. ಒಂದು ಪಂಕ್ತಿಗೆ ಎಷ್ಟು ಎಲೆ, ಎಷ್ಟು ಜನ ಬಡಿಸುತ್ತಾರೆ, ಎರಡನೇ ಪಂಕ್ತಿ ಎಷ್ಟು ಹೊತ್ತಿಗೆ ಕೂರುತ್ತದೆ ಎಂಬುದನ್ನು ಕೇಳಿ. ದರ ಎಲೆ ಲೆಕ್ಕವೋ ತಲೆ ಲೆಕ್ಕವೋ ಎಂಬುದೂ ತಿಳಿದಿರಲಿ. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಅರ್ಧ ದರ ಎಂಬುದೂ.

ಬಫೆ ಆದರೆ ಬಗೆಗಳ ಸಂಖ್ಯೆಗೆ ಮರುಳಾಗಬೇಡಿ. ಇಪ್ಪತ್ತೆರಡು ಬಗೆಯ ಮೆನುವಿನಲ್ಲಿ ಜನ ತಿನ್ನುವುದು ಏಳೆಂಟು, ಉಳಿದದ್ದು ಪಾತ್ರೆಯಲ್ಲೇ ಆರುತ್ತದೆ. ಆ ಹೋಟೆಲಿಗೆ ಹೆಸರು ತಂದ ಅಡುಗೆಯನ್ನೇ ಮಾಡಿಸಿ. ಮಂಗಳೂರು ಕಡೆಯ ಹೋಟೆಲಿನಲ್ಲಿ ನೀರುದೋಸೆ, ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಎಣ್ಣೆಗಾಯಿ, ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ನಾಟಿಕೋಳಿ ಸಾರು. ಅವರಿಗೆ ಕೈ ಪಳಗದ ಪನ್ನೀರ್ ಟಿಕ್ಕಾ, ಪಾಸ್ತಾ ಕೇಳಿ ಇಬ್ಬರೂ ಬೇಸರ ಪಡುವುದೇಕೆ? ಮುದ್ದೆಯನ್ನು ಬಫೆ ಪಾತ್ರೆಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಮೇಲೆ ಸಿಪ್ಪೆ ಕಟ್ಟುತ್ತದೆ. ಸ್ವಲ್ಪಸ್ವಲ್ಪವೇ ಕಟ್ಟಿ ತರುವಂತೆ ಮೊದಲೇ ಹೇಳಿ. ಹೋಳಿಗೆಯೂ ಹಾಗೆಯೇ, ಹೆಂಚಿನಿಂದ ನೇರ ಎಲೆಗೆ ಬಂದರಷ್ಟೇ ತುಪ್ಪ ಹಿಡಿಯುತ್ತದೆ.

ಕಣ್ಣೆದುರು ದೋಸೆ ಹುಯ್ಯಿಸುವ ಆಸೆ ಬಹಳ ಜನಕ್ಕಿದೆ. ಅದಕ್ಕೊಂದು ಲೆಕ್ಕ ಹಾಕಿ. ಒಂದು ಕಾವಲಿಯಲ್ಲಿ ಒಮ್ಮೆಗೆ ಆರು ದೋಸೆ, ಒಂದು ಸರದಿಗೆ ಆರು ನಿಮಿಷ ಎಂದುಕೊಂಡರೆ ಅರವತ್ತು ಜನಕ್ಕೆ ಒಂದೊಂದು ದೋಸೆ ಸಿಗಲು ಪೂರ್ತಿ ಒಂದು ಗಂಟೆ ಬೇಕು. ಎರಡು ಕಾವಲಿ ಇಡುವುದಾದರೆ ಒಪ್ಪಿ, ಇಲ್ಲದಿದ್ದರೆ ದೋಸೆಯನ್ನು ಸಂಜೆಯ ಹಗುರ ತಿಂಡಿಯ ಕೂಟಕ್ಕೆ ಇಟ್ಟುಕೊಳ್ಳಿ.

ಸಸ್ಯಾಹಾರಿ ನೆಂಟರಿಗೆ ಮಾಂಸಾಹಾರಿ ಹೋಟೆಲಿನಲ್ಲಿ ಊಟ ಇಡುವುದಾದರೆ ಅಡುಗೆಮನೆ, ಎಣ್ಣೆ ಬಾಣಲೆ, ಸೌಟು ಬೇರೆ ಇವೆಯೇ ಎಂದು ನೋಡಿಯೇ ತಿಳಿದುಕೊಳ್ಳಿ. ಇಲ್ಲ ಎಂದಾದರೆ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ನಂಬಿ ಬಂದವರಿಗೆ ನಾವು ಸಲ್ಲಿಸಬೇಕಾದ ಮೊದಲ ಮರ್ಯಾದೆ ಅದು.

ಹೋಟೆಲಿನ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ 14 ಅಂಕಿಗಳದ್ದು. 2022ರ ಜನವರಿಯಿಂದ ಅದನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಕಡ್ಡಾಯ. ರುಚಿ ನೋಡಲು ಹೋದಾಗ ಸಿಕ್ಕ ಬಿಲ್ಲಿನಲ್ಲೇ ಅದನ್ನು ಹುಡುಕಿ. ಗೋಬಿ ಮಂಚೂರಿ, ಕಬಾಬ್ ಕೆಂಪಗೆ ಹೊಳೆಯಬೇಕೆಂದು ಕೇಳಲೇಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಇವೆರಡಕ್ಕೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದೆ. ಬಫೆಯ ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಬೆಂದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಪಾತ್ರೆಗಳ ಕೆಳಗಿನ ಉರಿ ಊಟದ ಕೊನೆಯವರೆಗೂ ಇರುತ್ತದೆಯೇ ಎಂದು ಕೇಳಲು ಸಂಕೋಚ ಬೇಡ.

ಹಣದ ಲೆಕ್ಕ

ಪಾರ್ಟಿ ಹಾಲ್‌ಗಳಲ್ಲಿ ಜೇಬಿಗೆ ಹೆಚ್ಚು ಹೊಡೆತ ಕೊಡುವುದು "ಮಿನಿಮಮ್ ಗ್ಯಾರಂಟಿ". ನೀವು ಮೊದಲೇ ಒಪ್ಪಿದ ಕನಿಷ್ಠ ಸಂಖ್ಯೆಗೆ, ಜನ ಬರಲಿ ಬಿಡಲಿ, ದುಡ್ಡು ಕಟ್ಟಬೇಕು. ಪ್ಲೇಟಿಗೆ 600 ರೂಪಾಯಿಯಂತೆ 80 ಜನಕ್ಕೆ ಗ್ಯಾರಂಟಿ ಕೊಟ್ಟಿದ್ದೀರಿ, ಬಂದವರು 62 ಎಂದುಕೊಳ್ಳಿ. 48,000 ರೂಪಾಯಿ ಊಟಕ್ಕೆ, ಶೇ 5ರ ಜಿಎಸ್‌ಟಿ 2,400, ಒಟ್ಟು 50,400. ಉಂಡವರ ಲೆಕ್ಕದಲ್ಲಿ ತಲೆಗೆ 813 ರೂಪಾಯಿ ಬಿತ್ತು. ಅದೇ 60ಕ್ಕೆ ಗ್ಯಾರಂಟಿ ಕೊಟ್ಟು, ಮೇಲಿನ ಇಬ್ಬರಿಗೆ ಅದೇ ದರದಲ್ಲಿ ಕಟ್ಟಿದ್ದರೆ 39,060ರಲ್ಲಿ ಮುಗಿಯುತ್ತಿತ್ತು. ವ್ಯತ್ಯಾಸ 11,340 ರೂಪಾಯಿ. ಆದ್ದರಿಂದ ಖಂಡಿತ ಬರುವವರ ಸಂಖ್ಯೆಗೆ ಮಾತ್ರ ಗ್ಯಾರಂಟಿ ಕೊಡಿ, ಅದರ ಮೇಲೆ ಹತ್ತು ಹದಿನೈದು ಜನಕ್ಕೆ ಅದೇ ದರದಲ್ಲಿ ಊಟ ಒದಗಿಸುವ ಮಾತು ಪಡೆಯಿರಿ. ಅಂತಿಮ ಸಂಖ್ಯೆ ಹೇಳಲು ಎಷ್ಟು ದಿನ ಮೊದಲಿನವರೆಗೆ ಅವಕಾಶ ಎಂಬುದೂ ಇತ್ಯರ್ಥವಾಗಲಿ.

ತೆರಿಗೆಯ ವಿಷಯ ಸರಳವಾಗಿ ಹೀಗೆ. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ಕೋಣೆ ಬಾಡಿಗೆಯ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಶೇ 18. ಹಾಲ್ ಬಾಡಿಗೆಯನ್ನು ಬೇರೆಯಾಗಿ ಹಾಕಿದರೆ ಅದಕ್ಕೂ ಶೇ 18. ಕಾಂಪೊಸಿಷನ್ ಯೋಜನೆಗೆ ಸೇರಿದ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. "ಪ್ಲಸ್ ಟ್ಯಾಕ್ಸ್" ಎಂಬ ಎರಡು ಪದಕ್ಕೆ ತೃಪ್ತರಾಗದೆ, ಎಲ್ಲ ಸೇರಿ ತಲೆಗೆ ಎಷ್ಟು ಎಂಬ ಒಂದೇ ಅಂಕಿ ಕೇಳಿ.

ಸೇವಾ ಶುಲ್ಕದ ಬಗ್ಗೆಯೂ ಧೈರ್ಯವಾಗಿ ಮಾತಾಡಿ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮೇಲಿನ 48,000ಕ್ಕೆ ಶೇ 10 ಸೇವಾ ಶುಲ್ಕ ಸೇರಿಸಿ, ಅದರ ಮೇಲೆ ಜಿಎಸ್‌ಟಿ ಹಾಕಿದರೆ ಬಿಲ್ 55,440ಕ್ಕೆ ಏರುತ್ತದೆ. ಆ ಐದು ಸಾವಿರದಲ್ಲಿ ಒಂದು ಪಾಲನ್ನು ಬಡಿಸಿದವರ, ಪಾತ್ರೆ ತೊಳೆದವರ ಕೈಗೆ ನೇರವಾಗಿ ಕೊಟ್ಟರೆ ದಿನವಿಡೀ ದುಡಿದವರಿಗೆ ಅದು ನಿಜವಾಗಿ ತಲುಪುತ್ತದೆ.

ಇನ್ನುಳಿದ ಸಣ್ಣ ಬಾಬತ್ತುಗಳು ಒಟ್ಟಾದಾಗ ಸಣ್ಣದಾಗಿರುವುದಿಲ್ಲ: ಬಾಟಲಿ ನೀರು, ಮೈಕು, ಪರದೆ, ಹೊರಗಿನ ಕೇಕಿಗೆ ಶುಲ್ಕ, ಹೊರಗಿನ ಅಲಂಕಾರದವರಿಗೆ ಶುಲ್ಕ, ಜನರೇಟರ್, ಶುಚಿತ್ವದ ಠೇವಣಿ. ಕುಡಿಯುವ ನೀರನ್ನು ಲೋಟದಲ್ಲಿ ಕೊಡುತ್ತಾರೆಯೇ ಎಂದು ಕೇಳಿದರೆ ದುಡ್ಡೂ ಉಳಿಯುತ್ತದೆ, ಪ್ಲಾಸ್ಟಿಕ್ಕೂ ಕಡಿಮೆಯಾಗುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಮುಂಬೈನ ಕಮಲಾ ಮಿಲ್ಸ್ ಆವರಣದ ಮಹಡಿ ಮೇಲಿನ ರೆಸ್ಟೋರೆಂಟಿನಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಬಿದ್ದು 14 ಜನ ಸತ್ತರು. ಹುಟ್ಟುಹಬ್ಬ ಆಚರಿಸಲು ಬಂದಿದ್ದ ಯುವತಿಯೂ ಅವರಲ್ಲಿ ಒಬ್ಬಳು. ನಮ್ಮದೇ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯ ಕಟ್ಟಡವೊಂದರ ತುದಿಯ ಕೆಫೆ ಹೊತ್ತಿ ಉರಿಯಿತು. ಆಮೇಲೆ ಪಾಲಿಕೆ ನಗರದ ತಾರಸಿ ಹೋಟೆಲುಗಳನ್ನು ತಪಾಸಣೆ ಮಾಡಿತು. ಇವನ್ನು ನೆನೆಸಿಕೊಳ್ಳುವುದು ಅಪಶಕುನವಲ್ಲ. ಎಪ್ಪತ್ತು ಜನರನ್ನು ಒಂದು ಜಾಗಕ್ಕೆ ಕರೆಯುವವರ ಕರ್ತವ್ಯ.

ಹಾಲ್‌ಗೆ ಎರಡು ದಾರಿ ಇವೆಯೇ? ಎರಡನೆಯದನ್ನು ನಿಮ್ಮ ಕೈಯಿಂದಲೇ ತೆರೆದು ನೋಡಿ. ಬೀಗ ಹಾಕಿದ್ದರೆ, ಮೆಟ್ಟಿಲ ಮೇಲೆ ಕುರ್ಚಿ, ಅಕ್ಕಿ ಮೂಟೆ, ಖಾಲಿ ಡಬ್ಬ ಪೇರಿಸಿದ್ದರೆ ಆ ಹಾಲ್ ಎಷ್ಟೇ ಚೆಂದವಿರಲಿ, ಬೇಡ. ಗ್ಯಾಸ್ ಸಿಲಿಂಡರ್‌ಗಳು ಎಲ್ಲಿವೆ, ಅಗ್ನಿಶಾಮಕ ಸಾಧನದ ಮೇಲಿನ ದಿನಾಂಕ ಯಾವುದು ಎಂದೂ ನೋಡಿ. ಅಲಂಕಾರಕ್ಕೆ ಹೈಡ್ರೋಜನ್ ತುಂಬಿದ ಬಲೂನು ಬೇಡ, ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕೇಕಿನ ಮೇಣದಬತ್ತಿ ಉರಿಯುವಾಗ ನೊರೆಯ ಸ್ಪ್ರೇ ಚಿಮ್ಮಿಸಬೇಡಿ, ಅದರೊಳಗಿನ ಅನಿಲವೂ ಉರಿಯುವಂಥದ್ದು. ಒಳಾಂಗಣದಲ್ಲಿ ಕಿಡಿ ಕಾರುವ ಹೂಕುಂಡ ಬೇಡವೇ ಬೇಡ.

ಮಕ್ಕಳನ್ನು ಸೆಳೆಯುವ ಹೊಗೆ ಬಿಸ್ಕತ್ತು, ಹೊಗೆ ಪಾನ್ ಮಳಿಗೆಗಳಿಗೂ ಇಲ್ಲ ಎನ್ನಿ. ಬೆಂಗಳೂರಿನ ಆರತಕ್ಷತೆಯೊಂದರಲ್ಲಿ ದ್ರವ ಸಾರಜನಕದ ಪಾನ್ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. 2024ರ ಮೇ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಇಂಥ ತಿನಿಸುಗಳಲ್ಲಿ ದ್ರವ ಸಾರಜನಕ ಬಳಸುವುದಕ್ಕೆ ತಡೆ ಹಾಕಿತು.

ಹಾಡು ಮತ್ತು ಪಾನೀಯ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ತಾರಸಿ, ಹೂದೋಟದ ಹೋಟೆಲಿನಲ್ಲಿ ಹಾಡು, ಕುಣಿತ ಇರುವುದಾದರೆ ಹತ್ತಕ್ಕೆ ಮುಗಿಯುವಂತೆ ಕಾರ್ಯಕ್ರಮ ಹೊಂದಿಸಿ. ಧ್ವನಿಮುದ್ರಿತ ಹಾಡು ಹಾಕಲು ಹಕ್ಕುಸ್ವಾಮ್ಯದ ಪರವಾನಗಿಯನ್ನು ಹೋಟೆಲು ಪಡೆದಿದೆಯೇ ಎಂದು ಕೇಳಿ; ಧಾರ್ಮಿಕ ವಿಧಿಗಳಿಗೆ, ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮಗಳಿಗೆ 1957ರ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಮದ್ಯ ಇರುವುದಾದರೆ ಪರವಾನಗಿ ಇರುವ ಹೋಟೆಲನ್ನೇ ಆರಿಸಿ. ಪರವಾನಗಿ ಇಲ್ಲದ ಹಾಲ್‌ಗೆ ಹೊರಗಿನಿಂದ ತಂದು ಬಡಿಸಲು ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಪರವಾನಗಿ ಪಡೆಯಬೇಕು. ಗಾಂಧಿ ಜಯಂತಿ ಮತ್ತು ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಮದ್ಯ ಮಾರಾಟ ಇರುವುದಿಲ್ಲ ಎಂಬುದು ದಿನ ಇಡುವಾಗಲೇ ನೆನಪಿರಲಿ. ಮದ್ಯಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ, ಹಾಗಾಗಿ ಅದರ ಬಿಲ್ ಊಟದ ಬಿಲ್ಲಿನಿಂದ ಬೇರೆಯಾಗಿ ಇರಬೇಕು.

ಮಾತು ಕಾಗದಕ್ಕೆ ಬರಲಿ

ಫೋನಿನಲ್ಲಿ ಒಪ್ಪಿದ ಮ್ಯಾನೇಜರ್ ಸಮಾರಂಭದ ಹೊತ್ತಿಗೆ ಕೆಲಸ ಬಿಟ್ಟು ಹೋಗಿರಬಹುದು. ದಿನಾಂಕ, ಹೊತ್ತು, ಹಾಲ್‌ನ ಹೆಸರು, ಕನಿಷ್ಠ ಸಂಖ್ಯೆ, ಪೂರ್ತಿ ಮೆನು, ಎಲ್ಲ ಸೇರಿದ ದರ, ಕೊಟ್ಟ ಅಡ್ವಾನ್ಸ್, ರದ್ದಾದರೆ ಹಿಂದಿರುಗಿಸುವ ಮೊತ್ತ, ಇಷ್ಟನ್ನೂ ಲೆಟರ್‌ಹೆಡ್‌ನಲ್ಲಿ ಅಥವಾ ಕನಿಷ್ಠ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಂದ್‌ನ ಮಾತನ್ನು ಪ್ರತ್ಯೇಕವಾಗಿ ಸೇರಿಸಿ. ಕಾವೇರಿ ವಿಚಾರಕ್ಕೆ 2023ರ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, ಮೂರೇ ದಿನದಲ್ಲಿ ಕರ್ನಾಟಕ ಬಂದ್ ನಡೆದಿತ್ತು. ಅಂಥ ದಿನ ಬಂದರೆ ಅಡ್ವಾನ್ಸ್ ಮುಳುಗದೆ ಬೇರೆ ದಿನಕ್ಕೆ ವರ್ಗವಾಗಬೇಕು.

ಕೊಟ್ಟ ಮಾತಿನಂತೆ ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಬರೆಸಿಕೊಂಡ ಕಾಗದ ಅಲ್ಲಿ ಕೆಲಸಕ್ಕೆ ಬರುತ್ತದೆ.

ಉಳಿದ ಊಟದ ಬಗ್ಗೆಯೂ ಮೊದಲೇ ತೀರ್ಮಾನಿಸಿ. ಮುಟ್ಟದ ಅಡುಗೆಯನ್ನು ಮನೆಗೆ ಒಯ್ಯಲು ಕೆಲವು ಹೋಟೆಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಡುವುದಾದರೆ ಡಬ್ಬಗಳನ್ನು ನೀವೇ ಒಯ್ಯಿರಿ. ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರ ಗುಂಪುಗಳು ಹೆಚ್ಚಾದ ಊಟವನ್ನು ಹಸಿದವರಿಗೆ ತಲುಪಿಸುತ್ತವೆ; ಊಟ ಆರುವ ಮುನ್ನ ಅವರ ಕೈ ಸೇರಬೇಕಾದರೆ ಹಿಂದಿನ ದಿನವೇ ತಿಳಿಸಿರಬೇಕು. ಸ್ಟೀಲ್ ತಟ್ಟೆ ಲೋಟ ಬೇಕಾದ ಸಣ್ಣ ಹಾಲ್‌ಗಳಿಗೆ ಬೆಂಗಳೂರಿನ ಅದಮ್ಯ ಚೇತನದ ತಟ್ಟೆ ಬ್ಯಾಂಕ್ ಇದೆ.

ಅಡ್ವಾನ್ಸ್ ಕೊಡುವ ಮುನ್ನ ಕೇಳಬೇಕಾದ ಹತ್ತು ಪ್ರಶ್ನೆ

1. ಕೂತು ಊಟ ಮಾಡಲು ಹಾಲ್‌ನಲ್ಲಿ ಎಷ್ಟು ಜನಕ್ಕೆ ಜಾಗ?
2. ಮೆಟ್ಟಿಲಿಲ್ಲದೆ ಒಳಗೆ ಬರಬಹುದೇ? ಶೌಚಾಲಯ ಅದೇ ಮಹಡಿಯಲ್ಲಿದೆಯೇ?
3. ಹಾಲ್ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಅಲಂಕಾರಕ್ಕೆ ಎಷ್ಟು ಮೊದಲು ಕೊಡುತ್ತೀರಿ?
4. ಕನಿಷ್ಠ ಸಂಖ್ಯೆ ಎಷ್ಟು? ಅದರ ಮೇಲೆ ಬಂದವರಿಗೆ ಅದೇ ದರವೇ?
5. ತೆರಿಗೆ, ಹಾಲ್ ಬಾಡಿಗೆ, ನೀರು ಎಲ್ಲ ಸೇರಿ ತಲೆಗೆ ಎಷ್ಟು? ಸೇವಾ ಶುಲ್ಕ ಹಾಕುತ್ತೀರಾ?
6. ಎಷ್ಟು ಜನ ಬಡಿಸುತ್ತಾರೆ?
7. ಹೊರಗಿನ ಕೇಕು, ಅಲಂಕಾರ, ಪುರೋಹಿತರು, ಆರತಿಗೆ ಒಪ್ಪಿಗೆ ಇದೆಯೇ?
8. ಎರಡನೇ ಬಾಗಿಲು ಎಲ್ಲಿದೆ? ಅದು ತೆರೆದಿರುತ್ತದೆಯೇ?
9. ಎಷ್ಟು ಕಾರಿಗೆ ಜಾಗ? ಅದು ನಿಮ್ಮದೇ ಜಾಗವೇ?
10. ರದ್ದಾದರೆ, ಮುಂದೂಡಿದರೆ, ಬಂದ್ ಆದರೆ ಅಡ್ವಾನ್ಸ್ ಗತಿ ಏನು?

ಈ ಪ್ರಶ್ನೆಗಳನ್ನು ಎರಡು ಮೂರು ಹೋಟೆಲುಗಳಲ್ಲಿ ಕೇಳಿ, ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಬೇಸರಪಡದೆ ಎಲ್ಲಕ್ಕೂ ಉತ್ತರ ಕೊಟ್ಟು, ಎರಡನೇ ಬಾಗಿಲನ್ನು ತಾನೇ ತೆರೆದು ತೋರಿಸಿ, ಒಪ್ಪಿದ್ದನ್ನು ಬರೆದುಕೊಡುವ ಮ್ಯಾನೇಜರ್ ಇರುವ ಹೋಟೆಲನ್ನು ಹಿಡಿಯಿರಿ. ಪ್ಲೇಟಿಗೆ ಐವತ್ತು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ. ಅಂದು ನೀವು ಅಡುಗೆಮನೆಗೂ ಕೌಂಟರಿಗೂ ಓಡಾಡದೆ, ಬಂದ ನೆಂಟರ ಪಕ್ಕದಲ್ಲಿ ಕೂತು ಅವರೊಂದಿಗೇ ಉಣ್ಣಬಹುದು.